ಬತ್ತಿಗೆ ಕಿವಿಗೊಡುವ ಸಾತಿಬಾಲ್ದಿ

ಸಾತಿಬಾಲ್ದಿ ಉಸ್ತಾ ತಾವು ಹೊಸೆದ ಬತ್ತಿಯ ರುಚಿಯನ್ನು ಕಿವಿಯಿಂದ ನೋಡುತ್ತಾರೆ. ಓಶ್ ಊರಿನ ಬಜಾರಿನಲ್ಲಿ ವೇಪ್ ಎಂಬ ಬ್ಯಾಟರಿ ಸಿಗರೇಟು ಸೇದುವವರಿಗೆ ಅದರೊಳಗೆ ಕಾಯುವ ತಂತಿಯ ಸುರುಳಿ ಸುತ್ತಿ, ಹತ್ತಿಯ ಬತ್ತಿ ಹಾಕಿಕೊಡುವವರು ನದಿಯ ಈಚೆ ದಡದಲ್ಲೂ ಆಚೆ ದಡದಲ್ಲೂ ಕೆಲವರಿದ್ದಾರೆ. ಹೊಸ ಬತ್ತಿ ಹಾಕಿದ ಮೇಲೆ ಅವರೆಲ್ಲ ಒಂದು ದಮ್ಮು ಎಳೆದು, ನಾಲಿಗೆಯ ಮೇಲೆ ಹೊರಳಿಸಿ, ಮೂಗಿನಿಂದ ಬಿಟ್ಟು, ಸರಿಯಿದೆ ಅಥವಾ ಸುಟ್ಟಿದೆ ಎನ್ನುತ್ತಾರೆ. ಸಾತಿಬಾಲ್ದಿ ಮಾತ್ರ ಗುಂಡಿ ಒತ್ತಿ, ಯಂತ್ರವನ್ನು ಬಲಗಿವಿಯ ಪಕ್ಕ ಹಿಡಿದು, ಗೋಡೆಯಾಚೆ ಮಲಗಿದ ಕೂಸಿನ ಉಸಿರನ್ನು ಆಲಿಸುವವರ ಹಾಗೆ ಕಣ್ಣು ಮುಚ್ಚುತ್ತಾರೆ. ಈಗ ಇದು ನಮ್ಮ ಸಾಲಿಗೆಲ್ಲ ಗೊತ್ತಿರುವ ಸಂಗತಿ. ಹೋದ ಬೇಸಿಗೆಯವರೆಗೆ ಗೊತ್ತಿದ್ದದ್ದು ಮೂವರಿಗೆ: ಅವರ ಹೆಂಡತಿಗೆ, ನನ್ನ ಅಮ್ಮನಿಗೆ, ನನಗೆ. ಸಾಂಕ್ರಾಮಿಕಕ್ಕೆ ಬಜಾರ್ ಮುಚ್ಚಿದ್ದ ಆ ಚಳಿಗಾಲದ ಜ್ವರ ಅವರ ಮೂಗಿನಿಂದ ವಾಸನೆಯನ್ನೂ ನಾಲಿಗೆಯಿಂದ ಅರ್ಧ ರುಚಿಯನ್ನೂ ತೆಗೆದುಕೊಂಡು ಹೋಗಿತ್ತು. ಅದು ಹೊರಗೆ ಬಿದ್ದರೆ ಉಸ್ತಾ, ಅಂದರೆ ಪಳಗಿದ ಕುಶಲಕರ್ಮಿ, ಎಂಬ ಹೆಸರೂ ಅದರ ಹಿಂದೆಯೇ ಹೋಗುತ್ತದೆ ಎಂದು ಅವರು ನಂಬಿದ್ದರು.

ನಮ್ಮ ಅಂಗಡಿ ಅವರ ಅಂಗಡಿಗೆ ಎದುರು. ಅಮ್ಮ ಹತ್ತಿ ಬಡಿದು ಹಾಸಿಗೆ, ಹೊದಿಕೆ ಹೊಲಿಯುತ್ತಾಳೆ. ಒಂಬತ್ತನೆಯ ತರಗತಿಯ ನಂತರ ಶಾಲೆ ಬಿಟ್ಟ ನಾನು ಅವಳ ಪಕ್ಕದಲ್ಲಿ ಕೂತು ಅಂಚು ಹೊಲಿಯುತ್ತೇನೆ. ನಡುವೆ ಇರುವುದು ಎರಡು ತಳ್ಳುಗಾಡಿಗಳು ಪಕ್ಕಪಕ್ಕ ಹೋಗಲಾರದಷ್ಟು ಕಿರಿದಾದ ದಾರಿ. ನನಗೆ ಮಾತಾಡುವುದಕ್ಕಿಂತ ನೋಡುವುದು ಸುಲಭ, ಆದ್ದರಿಂದ ಅವರನ್ನು ಬೇಕಾದಷ್ಟು ನೋಡಿದ್ದೇನೆ. ನನಗೆ ಸರಿಯಾಗಿ ನೆನಪಿಲ್ಲದ್ದನ್ನು ಅಮ್ಮನನ್ನು ಕೇಳಿ ತಿದ್ದಿಕೊಂಡಿದ್ದೇನೆ.

ಅವರ ನಡಿಗೆ ಅಂಚಿನವರೆಗೆ ತುಂಬಿದ ಬಟ್ಟಲನ್ನು ಹಿಡಿದವರ ನಡಿಗೆ. ಕೈ ಖಾಲಿಯಿದ್ದರೂ ಮೊಣಕೈ ಸ್ವಲ್ಪ ಮಡಿಚಿ, ಹೆಜ್ಜೆಯನ್ನು ನೆಲಕ್ಕೆ ಒತ್ತದೆ, ಓರೆಯಾಗಿ, ಗಿರಾಕಿಗಳ ಭುಜಗಳ ನಡುವೆ ಯಾರಿಗೂ ತಾಗದ ಹಾಗೆ ಅವರು ಸರಿದುಹೋಗುವುದನ್ನು ನೋಡಿದರೆ, ಈ ಮನುಷ್ಯ ಏನೋ ಚೆಲ್ಲಬಾರದ್ದನ್ನು ಹೊತ್ತಿದ್ದಾನೆ ಅನ್ನಿಸುತ್ತದೆ. ಮೈಮೇಲೆ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಅದೇ ಬೂದು ಬಣ್ಣದ ಕೆಲಸದ ಮೇಲಂಗಿ. ಕಾರಾ-ಸೂ ಊರಿನ ಹತ್ತಿ ಕಾರ್ಖಾನೆಯಲ್ಲಿ ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ ಕಾಲದ್ದು. ಕಾರ್ಖಾನೆ ನಿಂತಿತು, ಮೇಲಂಗಿ ನಿಲ್ಲಲಿಲ್ಲ. ಅದರ ಎದೆಯ ಜೇಬಿನ ಒಳಗೆ ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಹೊಲಿಸಿಕೊಂಡಿದ್ದಾರೆ. ಸುರುಳಿಯ ತುದಿ ಕತ್ತರಿಸಿದಾಗ ಸಿಡಿಯುವ ತಂತಿಯ ಚೂರುಗಳು ಅಲ್ಲಿಗೆ ಹೋಗಿ ಅಂಟುತ್ತವೆ, ಸಂಜೆಯಾಗುವ ಹೊತ್ತಿಗೆ ಅವರ ಎದೆಯ ಎಡಭಾಗ ಮುಳ್ಳುಹಂದಿಯ ಬೆನ್ನಿನ ಹಾಗಾಗುತ್ತದೆ. ಅಂಗಡಿ ಮುಚ್ಚುವ ಮೊದಲು ಅದನ್ನು ಒಂದು ಡಬ್ಬಿಯ ಮೇಲೆ ಜೋಪಾನವಾಗಿ ಬಾಚುತ್ತಾರೆ. ಬಜಾರಿನಲ್ಲಿ ಬರಿಗಾಲಿನ ಮಕ್ಕಳು ಓಡಾಡುತ್ತಾರೆ, ಅದಕ್ಕೆ.

ಮೂವತ್ತು ವರ್ಷ ಸಿಗರೇಟು ಸೇದಿ, ಮೆಟ್ಟಿಲು ಹತ್ತುವಾಗ ಉಸಿರು ಸಿಗದೆ, ಒಂದು ದಿನ ಅದನ್ನು ಬಿಟ್ಟು ವೇಪ್ ಹಿಡಿದವರು ಅವರು. ಅಂಗಡಿಯ ಸುರುಳಿಗಳು ಒಂದೇ ವಾರಕ್ಕೆ ಕರಕಲಾಗುವುದನ್ನು ಕಂಡು, ಮೋಟಾರಿಗೆ ಸುತ್ತಿದ ಕೈ ಇದಕ್ಕೆ ಸುತ್ತಲಾರದೇ? ಎಂದು ತಮ್ಮದನ್ನು ತಾವೇ ಸುತ್ತಿಕೊಂಡರು. ಆಮೇಲೆ ಪಕ್ಕದವರದು, ಆಮೇಲೆ ಟ್ಯಾಕ್ಸಿ ನಿಲ್ದಾಣದವರದು. ಆದರೆ ಅದನ್ನು ಅವರು ಯಾರಿಗೂ ಹೊಗಳಿ ಮಾರಿದ್ದಿಲ್ಲ. ಸಿಗರೇಟು ಸೇದದವನು ಕುತೂಹಲಕ್ಕೆ ಬಂದರೆ, "ಸೇದ್ದೇ ಇರೋನು ಯಾಕಪ್ಪ ಶುರು ಮಾಡ್ಬೇಕು? ಇದೇನು ಔಷಧಿ ಅಲ್ಲ, ಕೆಟ್ಟದ್ರಲ್ಲಿ ಸ್ವಲ್ಪ ಕಮ್ಮಿ ಕೆಟ್ಟದ್ದು, ಅಷ್ಟೇ" ಎಂದು ತಿರುಗಿಸಿ ಕಳಿಸುತ್ತಾರೆ. ಶಾಲೆಯ ಹುಡುಗರು ಧ್ವನಿ ದಪ್ಪ ಮಾಡಿಕೊಂಡು ಬಂದರೆ ಗಲ್ಲ ನೋಡುತ್ತಾರೆ. ಗಲ್ಲ ನುಣ್ಣಗಿದ್ದರೆ ಒಂದು ಹಿಡಿ ಸೂರ್ಯಕಾಂತಿ ಬೀಜ ಕೊಟ್ಟು, "ಇದನ್ನ ತಿನ್ನು, ಸಿಪ್ಪೆ ನನ್ನ ಅಂಗಡಿ ಮುಂದೆ ಉಗೀಬೇಡ" ಎನ್ನುತ್ತಾರೆ. ಅವಸರ ಮಾಡುವ ಗಿರಾಕಿಗಳಿಗೆ ಇನ್ನೊಂದು ಮಾತು ಮೀಸಲು: "ಅವಸರ ಇರೋನು ಸಿಗರೇಟು ಸೇದ್ಲಿ."

ಅವರ ಕೈಯಲ್ಲಿ ಅವಸರ ಇಲ್ಲವೇ ಇಲ್ಲ. ವೇಪಿನ ತಲೆ ಎಂದು ನಾವು ಕರೆಯುವ ಹೆಬ್ಬೆರಳಿನ ಗಾತ್ರದ ಆ ಉಕ್ಕಿನ ಬಟ್ಟಲಿನೊಳಗೆ ಎರಡು ಪುಟ್ಟ ಕಂಬ, ಎರಡು ಮೊಳೆ. ಮೊದಲು ತಂತಿಯನ್ನು ಉಕ್ಕಿನ ಕಡ್ಡಿಗೆ ಸುತ್ತಿ, ಸುರುಳಿ ಮಾಡಿ, ಎರಡು ಕಾಲುಗಳನ್ನೂ ಕಂಬಗಳಿಗೆ ಬಿಗಿಯುತ್ತಾರೆ. ಗುಂಡಿ ಒತ್ತಿ ಕಾಯಿಸುತ್ತಾರೆ. ಸುರುಳಿ ನಡುವಿನಿಂದ ಕೆಂಪಾಗುತ್ತ ಎರಡೂ ತುದಿಗೆ ಸಮನಾಗಿ ಹರಡಬೇಕು. ಎಲ್ಲೋ ಒಂದು ಸುತ್ತು ಮೊದಲೇ ಹೊಳೆದರೆ ಚಿಮಟದಿಂದ ಮೆಲ್ಲಗೆ ಅಮುಕಿ, ಉಜ್ಜಿ, ಮತ್ತೆ ಕಾಯಿಸಿ, ಅದಕ್ಕೆ ಬುದ್ಧಿ ಹೇಳುತ್ತಾರೆ. ಇಷ್ಟು ಕಣ್ಣಿನ ಕೆಲಸ. ಆಮೇಲಿನದು ಹತ್ತಿಯ ಕೆಲಸ. ಹತ್ತಿಯ ಒಂದು ಪಟ್ಟಿ ಬಿಡಿಸಿ, ತುದಿಯನ್ನು ಹೊಸೆದು ಚೂಪು ಮಾಡಿ, ಸುರುಳಿಯ ಹೊಟ್ಟೆಯಲ್ಲಿ ತೂರಿಸಿ ಎಳೆಯುತ್ತಾರೆ. ಹತ್ತಿ ಹೆಚ್ಚಾದರೆ ಸುರುಳಿ ಅದರ ಜೊತೆಯಲ್ಲೇ ಬಾಗಿ ಬರುತ್ತದೆ, ಆವಿಯಾಗಬೇಕಾದ ಪರಿಮಳದ ರಸ ಮೇಲೇರದೆ ಬತ್ತಿ ಸುಟ್ಟು, ಸೇದಿದವನ ಗಂಟಲು ಹರಿದ ಹಾಗಾಗುತ್ತದೆ. ಕಡಿಮೆಯಾದರೆ ರಸ ಒಳಗೆ ನಿಂತು, ಬಿಸಿ ಹನಿಗಳು ತುಟಿಗೆ ಸಿಡಿಯುತ್ತವೆ. ಎರಡರ ನಡುವೆ ಒಂದು ಸಣ್ಣ ಜಾಗ ಇದೆ. ಸಾತಿಬಾಲ್ದಿ ಇರುವುದು ಅಲ್ಲಿ.

ಈ ಹತ್ತಿ ಅಮ್ಮನ ಅಂಗಡಿಯದು. ಮೊದಲೆಲ್ಲ ಅವರು ಒಂದು ಎಸಳು ಕಿತ್ತು, ಎಳೆದು ನಾರಿನ ಉದ್ದ ನೋಡಿ, ಮೂಗಿಗೆ ಹಿಡಿದು, ಅಮ್ಮನಿಗೆ "ಅನಾರ್ಕಾನ್, ಇದು ಬೀಜದ ಪಕ್ಕದಲ್ಲಿ ಇದ್ದದ್ದು, ಎಣ್ಣೆ ವಾಸನೆ ಇದೆ, ಬೇರೆ ಕೊಡು" ಎನ್ನುತ್ತಿದ್ದರು. ಜ್ವರದ ನಂತರ ಎಳೆದು ನೋಡುವುದು ಉಳಿಯಿತು, ಮೂಗಿಗೆ ಹಿಡಿಯುವುದು ಹೋಯಿತು. ಅಮ್ಮ ಅದನ್ನು ಗಮನಿಸಿದ್ದಳು. ಒಂದು ದಿನ ಅವರು ನಮ್ಮ ಅಂಗಡಿಯೊಳಗೆ ಕೂತು ಹತ್ತಿ ಬಿಡಿಸುತ್ತಿದ್ದಾಗ, ಅವರ ಬೆನ್ನ ಹಿಂದಿನ ಒಲೆಯ ಮೇಲೆ ಅಮ್ಮ ಬಿಸಿಗಿಟ್ಟಿದ್ದ ರೊಟ್ಟಿ ಕಪ್ಪಾಗಿ ಹೊಗೆಯಾಡಿತು. ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡಿದರು. ಸಾತಿಬಾಲ್ದಿ ನೋಡಲಿಲ್ಲ. ಅಮ್ಮ ರೊಟ್ಟಿಯನ್ನು ತೆಗೆದು, ಅವರ ಮುಂದೆ ಕೂತು, ಸಣ್ಣ ದನಿಯಲ್ಲಿ ಕೇಳಿದಳು: "ಎಷ್ಟು ದಿನ ಆಯ್ತು, ಬಾಯ್ಕೆ?" ಬಾಯ್ಕೆ ಎಂದರೆ ಅಣ್ಣ. ಅವರು ಹತ್ತಿಯಿಂದ ಕೈ ತೆಗೆಯದೆ, "ಯಾರಿಗೂ ಹೇಳ್ಬೇಡ" ಎಂದರು. ಆಮೇಲೆ ನನ್ನ ಕಡೆ ನೋಡಿ, "ಇದು ಹೇಗೂ ಯಾರ ಹತ್ರನೂ ಮಾತಾಡಲ್ಲ" ಎಂದು ತಮಗೆ ತಾವೇ ಧೈರ್ಯ ಹೇಳಿಕೊಂಡರು.

ಮುಚ್ಚಿಡಲು ಅವರಿಗೆ ಕಷ್ಟವಾದದ್ದು ಒಂದು ಪದ್ಧತಿಯಿಂದ. ನಮ್ಮಲ್ಲಿ ಚಹಾ ಬಗ್ಗಿಸುವವರು ಬಟ್ಟಲಿಗೆ ಸುರಿದದ್ದನ್ನು ಮೂರು ಸಲ ಕೆಟಲಿಗೇ ಹಿಂದಿರುಗಿಸಿ, ನಾಲ್ಕನೆಯ ಸಲದ ಮೊದಲ ಬಟ್ಟಲನ್ನು ತಾವೇ ಕುಡಿಯುತ್ತಾರೆ. ಅತಿಥಿಯ ಬಟ್ಟಲು ಆಮೇಲೆ. ನನ್ನ ಬಾಯಿಗೆ ಆಗಿಬಂದದ್ದನ್ನೇ ನಿನಗೆ ಕೊಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳದೆ ಹೇಳುವ ರೀತಿ ಅದು. ಸುರುಳಿ ಸುತ್ತುವವರು ಈ ಪದ್ಧತಿಯನ್ನು ತಮ್ಮ ಕೆಲಸಕ್ಕೂ ತಂದಿಟ್ಟುಕೊಂಡಿದ್ದಾರೆ. ಹೊಸ ಬತ್ತಿಯ ಮೊದಲ ದಮ್ಮು ಸುತ್ತಿದವನದು. ಅವನು ಎಳೆದು, ತಲೆಯಾಡಿಸಿ, ಬಾಯಿಗಿಡುವ ತುದಿಯನ್ನು ಬದಲಿಸಿ, ಎರಡೂ ಕೈಯಲ್ಲಿ ಕೊಟ್ಟ ಮೇಲೆಯೇ ಗಿರಾಕಿ ಮುಟ್ಟುವುದು. ಏನೂ ತಿಳಿಯದ ನಾಲಿಗೆಯಿಂದ ಆ ಮೊದಲ ದಮ್ಮನ್ನು ಎಳೆದು ತಲೆಯಾಡಿಸುವುದು ಸಾತಿಬಾಲ್ದಿಗೆ ಪ್ರತಿ ಸಲವೂ ಮುಳ್ಳು ನುಂಗಿದ ಹಾಗಾಗುತ್ತಿತ್ತು. ಆ ತಲೆಯಾಟ ಸುಳ್ಳಾಗಬಾರದೆಂದು ಅವರು ಕಿವಿಯನ್ನು ಪಳಗಿಸಿದರು.

ಅವರ ತಾಯಿ ಹಿಂದೆ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರಂತೆ. ಹಿಪ್ಪುನೇರಳೆ ಸೊಪ್ಪು ಹಾಸಿದ ಕೋಣೆಯಲ್ಲಿ ಸಾವಿರಾರು ಹುಳುಗಳು ಒಟ್ಟಿಗೆ ಮೇಯುವ ಸದ್ದು, ಅಕ್ಕಿಯನ್ನು ಕಾಗದದ ಮೇಲೆ ನಿಧಾನವಾಗಿ ಸುರಿದ ಹಾಗಿನ ಆ ಸದ್ದು, ಸರಿಯಾಗಿ ಹೊಸೆದ ಬತ್ತಿಯಿಂದಲೂ ಬರುತ್ತದೆ ಎಂದು ಅವರು ಒಮ್ಮೆ ನನಗೆ ಹೇಳಿದರು. ಬಿಗಿಯಾದ ಬತ್ತಿ ಮೊದಲು ಸೀಟಿಯಂತೆ ಬುಸುಗುಟ್ಟಿ ತಟ್ಟನೆ ಒಣಗುತ್ತದೆ. ಸಡಿಲವಾದದ್ದು ಎಣ್ಣೆಗೆ ನೀರು ಬಿದ್ದ ಹಾಗೆ ಚಟಗುಟ್ಟುತ್ತದೆ. ಆದರೆ ಬಜಾರಿನ ಗದ್ದಲದಲ್ಲಿ ಹುಳು ಮೇಯುವ ಸದ್ದು ಯಾರಿಗೆ ಕೇಳುತ್ತದೆ? ಒಂದು ಕಡೆ ತಳ್ಳುಗಾಡಿಯವರ ಕೂಗು, ಇನ್ನೊಂದು ಕಡೆ ಕ್ಯಾಸೆಟ್ ಅಂಗಡಿಯವನ ಹಾಡು, ಎದುರಿಗೆ ಅಮ್ಮ ಎರಡು ಕೋಲು ಹಿಡಿದು ಹತ್ತಿ ಬಡಿಯುವ ದಪದಪ. ಆದ್ದರಿಂದ ಅವರು ಮೇಜಿನ ಕೆಳಗೆ ಬಗ್ಗಿ, ಮೇಲಂಗಿಯನ್ನು ತಲೆಯ ಮೇಲೆ ಎಳೆದುಕೊಂಡು, ಕತ್ತಲಲ್ಲಿ ಕೇಳಿಸಿಕೊಂಡು ಏಳುತ್ತಿದ್ದರು. ಯಾರಾದರೂ ನಕ್ಕರೆ, "ಗಾಳಿ ಕಣೋ, ಗಾಳಿ ಬಡಿದ್ರೆ ಸುರುಳಿ ಬಣ್ಣ ಕಾಣಲ್ಲ" ಎನ್ನುತ್ತಿದ್ದರು. ಎದ್ದಾಗ ಮೇಲಂಗಿಯ ತಂತಿ ಚೂರುಗಳಲ್ಲಿ ಕೆಲವು ಕೂದಲಿಗೆ ಸಿಕ್ಕಿರುತ್ತಿದ್ದವು.

ಹೀಗೆ ವರ್ಷಗಳು ಕಳೆದವು. ಒಬ್ಬನ ಗಂಟಲೂ ಸುಡಲಿಲ್ಲ. ಕಿವಿ ಮೂಗಿನ ಕೆಲಸವನ್ನು ಪೂರ್ತಿ ವಹಿಸಿಕೊಂಡಿದೆ ಎಂದು ಅವರಿಗೂ ಅನ್ನಿಸತೊಡಗಿತ್ತೇನೋ.

ಹೋದ ಬೇಸಿಗೆಯಲ್ಲಿ ಆದದ್ದು ಇಷ್ಟು. ಅಮ್ಮನಿಂದ ತಂದ ಹತ್ತಿಯನ್ನು ಅವರು ಮನೆಯಲ್ಲಿ ಕುದಿಸಿ, ಎಣ್ಣೆ ತೆಗೆದು, ನೆರಳಲ್ಲಿ ಒಣಗಿಸಿ, ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುತ್ತಿದ್ದರು. ಸೆಕೆಗೆ ಡಬ್ಬಿ ಬೆವೆತು ಹತ್ತಿ ತೇವವಾಗುತ್ತಿತ್ತು. ಅದಕ್ಕೆ ಗಾಳಿಯಾಡುವ ಬಟ್ಟೆಯ ಚೀಲ ಬೇಕೆಂದು, ಸಾಲಿನ ಕೊನೆಯಲ್ಲಿ ಮಸಾಲೆ ಮಾರುವ ಹೋಸಿಯಾತ್ ಓಪಾಳಿಂದ ಒಂದು ಚೀಲ ಕೇಳಿ ತಂದರು. ಓಪಾ ಎಂದರೆ ಉಜ್ಬೆಕರಲ್ಲಿ ಅಕ್ಕ. ವಯಸ್ಸಿನ ಭೇದವಿಲ್ಲದೆ ಇಡೀ ಬಜಾರಿಗೆ ಅವಳು ಓಪಾ. ಚೀಲ ಹಾಲಿನಷ್ಟು ಬಿಳಿ, ಒಗೆದು ಮಡಿಚಿದ್ದು, ಕಣ್ಣಿಗೆ ಒಂದು ಕಲೆಯಿಲ್ಲ. ಅದರಲ್ಲಿ ಎರಡು ವರ್ಷ ಜೀರಿಗೆ ಇತ್ತು ಎಂಬುದನ್ನು ತಿಳಿಯಲು ಕಣ್ಣು ಬೇಕಾಗಿರಲಿಲ್ಲ. ಹತ್ತಿಯನ್ನು ಅದರಲ್ಲಿ ತುಂಬಿ, ಬಾಯಿ ಕಟ್ಟಿ, ಬಿಸಿಲಿಗೆ ಕಾದ ತಗಡಿನ ಗೋಡೆಗೆ ನೇತುಹಾಕಿ, ಒಂದು ವಾರ ಬಿಟ್ಟು ತೆಗೆದರು. ನಮ್ಮ ಅಂಗಡಿಗೆ ಆ ವಾಸನೆ ಬರಲಿಲ್ಲವೇ ಎಂದರೆ, ಬಂದಿತ್ತು. ಆದರೆ ಓಶ್ ಬಜಾರಿನಲ್ಲಿ ಜೀರಿಗೆ ವಾಸನೆ ಬಂದರೆ ಮಧ್ಯಾಹ್ನದ ಪಲೋವ್, ಅಂದರೆ ಮಾಂಸದನ್ನ, ಒಲೆಗೇರಿತು ಎಂದುಕೊಳ್ಳುತ್ತಾರೆಯೇ ಹೊರತು ಎಲ್ಲಿಂದ ಎಂದು ಯಾರೂ ಕೇಳುವುದಿಲ್ಲ.

ಶನಿವಾರ ಐದಾರು ಜನರಿಗೆ ಬತ್ತಿ ಹಾಕಿಕೊಟ್ಟರು. ಮೇಜಿನ ಕೆಳಗೆ ಬಗ್ಗಿ ಕೇಳಿದರು, ಎದ್ದು ಮೊದಲ ದಮ್ಮು ಎಳೆದರು, ತಲೆಯಾಡಿಸಿದರು. ಗಿರಾಕಿಗಳು ಅಲ್ಲೇ ಸೇದಿ ನೋಡದೆ, ರಸ ತುಂಬಿದ ತಲೆಗಳನ್ನು ಜೇಬಿಗಿಳಿಸಿಕೊಂಡು ಹೋದರು.

ಭಾನುವಾರ ಮೊದಲು ಬಂದವನು ಜಾಯ್ನಾಕ್. ಉಜ್ಗೆನ್ ದಾರಿಯಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಅವನು ಬರುವ ಮೊದಲು ಅವನ ದನಿ ಬರುತ್ತದೆ, ಅವನು ಹೋದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ.

"ಸಾತಿ ಬಾಯ್ಕೆ! ನೇರವಾಗಿ ಒಂದು ಮಾತು ಹೇಳ್ಬಿಡಿ. ಇದ್ರಲ್ಲಿ ಪಲೋವ್ ಮಾಡಿದ್ರಾ?"

"ಏನು?"

"ನಾನು ತುಂಬಿಸಿದ್ದು ಮಾವಿನಹಣ್ಣಿನ ರಸ. ಸೇದಿದ್ರೆ ಮದುವೆ ಮನೆ ಅಡುಗೆಶಾಲೆ! ಹಿಂದಿನ ಸೀಟಲ್ಲಿ ಕೂತಿದ್ದ ಮುದುಕಿ, 'ಮಗಾ, ಎಲ್ಲಾದ್ರೂ ಊಟಕ್ಕೆ ನಿಲ್ಸಪ್ಪ' ಅಂತ ಪ್ರಾಣ ತಿಂದ್ಳು. ಕಾರಲ್ಲಿ ಎಲ್ರಿಗೂ ಹಸಿವು. ಉಜ್ಗೆನ್ ಮುಟ್ಟೋದ್ರೊಳಗೆ ಎರಡು ಸಲ ನಿಲ್ಸಿದೀನಿ!"

ಅವನ ಹಿಂದೆ ಇನ್ನೂ ಇಬ್ಬರು ಬಂದು ನಿಂತಿದ್ದರು, ಅವರವರ ಯಂತ್ರ ಕೈಯಲ್ಲಿ ಹಿಡಿದು, ನಗುತ್ತ. ಸಾತಿಬಾಲ್ದಿ ಜಾಯ್ನಾಕನ ಕೈಯಿಂದ ಅದನ್ನು ತೆಗೆದುಕೊಂಡರು. ಬಾಯಿಗಿಡುವ ತುದಿ ಬದಲಿಸಿದರು. ಕಿವಿಗೆ ಹಿಡಿಯಲು ಈಗ ಸಮಯವಿರಲಿಲ್ಲ, ಎಲ್ಲರೂ ನೋಡುತ್ತಿದ್ದರು. ಒಂದು ದಮ್ಮು ಎಳೆದು ನಿಧಾನವಾಗಿ ಬಿಟ್ಟರು. ಜೀರಿಗೆಯ ಘಮ ದಾರಿ ದಾಟಿ ನನ್ನ ಸೂಜಿಯವರೆಗೆ ಬಂತು.

"ಏನೂ ಇಲ್ವಲ್ಲೋ," ಎಂದರು. "ಸರಿಯಾಗೇ ಇದೆ."

ಅಮ್ಮನ ಕೋಲುಗಳು ನಿಂತವು.

ಜಾಯ್ನಾಕ್ ಮೊದಲು ನಕ್ಕ, ತಮಾಷೆಯೆಂದುಕೊಂಡು. ಆಮೇಲೆ ಅವರ ಮುಖ ನೋಡಿ ನಗು ಬಿಟ್ಟ. "ಬಾಯ್ಕೆ, ನಿಮಗೆ ನಿಜವಾಗ್ಲೂ ವಾಸನೆ ಬರ್ತಿಲ್ವಾ?"

ರಸ ಕೆಟ್ಟಿದೆ ಎನ್ನಬಹುದಿತ್ತು. ಬಾಟಲಿ ತಂದವನು ಜಾಯ್ನಾಕನೇ, ಅದನ್ನು ನಂಬಲು ಅವನು ಅರ್ಧ ತಯಾರಾಗಿಯೂ ಇದ್ದ. ಅಮ್ಮ ಆ ಕ್ಷಣದಲ್ಲಿ ಅವರು ಹಾಗೆಯೇ ಹೇಳಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡಳಂತೆ, ಆಮೇಲೆ ಹೇಳಿದಳು. ಸಾತಿಬಾಲ್ದಿ ಯಂತ್ರವನ್ನು ಮೇಜಿನ ಮೇಲಿಟ್ಟು, ಕೆಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಬಟ್ಟಲಿಗೆ ಸುರಿದು ಕೆಟಲಿಗೆ ಹಿಂದಿರುಗಿಸಿದರು, ಮತ್ತೊಮ್ಮೆ, ಮತ್ತೊಮ್ಮೆ. ಮೊದಲ ಬಟ್ಟಲನ್ನು ತಾವು ಕುಡಿದರು.

"ಜಾಯ್ನಾಕ್, ಇದು ಬಿಸಿ ಇದೆ ಅಂತ ನನಗೆ ಗೊತ್ತಾಗುತ್ತೆ," ಎಂದರು. "ಚಹಾ ಅಂತ ಗೊತ್ತಾಗಲ್ಲ. ಬಜಾರ್ ಮುಚ್ಚಿತ್ತಲ್ಲ, ಆ ಚಳಿಗಾಲದಿಂದ."

ಹಿಂದೆ ನಿಂತಿದ್ದ ಇಬ್ಬರಲ್ಲಿ ಒಬ್ಬ ತನ್ನ ಕೈಯಲ್ಲಿದ್ದ ಯಂತ್ರವನ್ನು ಹೊಸದಾಗಿ ನೋಡುವವನಂತೆ ನೋಡಿದ.

"ಆ ಚಳಿಗಾಲದಿಂದ?" ಜಾಯ್ನಾಕನ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು. "ಅಂದ್ರೆ ಪ್ರತಿ ಸಲ ಮೊದಲ ದಮ್ಮು ಎಳೆದು ತಲೆ ಆಡಿಸ್ತಿದ್ರಲ್ಲ, ಅದು?"

"ತಲೆ ಆಡಿಸ್ತಿದ್ದೆ."

"ನಮ್ಮ ಮುಂದೆ ನಾಟಕ."

ಸಾತಿಬಾಲ್ದಿ ಮೇಲಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು, ಮೊಳೆಗೆ ತೂಗುಹಾಕಿದರು. ಮೇಲಂಗಿಯಿಲ್ಲದ ಅವರನ್ನು ನಾನು ಅದೇ ಮೊದಲು ನೋಡಿದ್ದು. ಒಳಗೆ ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಬೇರೆ ಯಾರದೋ ಅಂಗಡಿಗೆ ಬಂದ ನೆಂಟರ ಹಾಗಿದ್ದರು. ಮೇಜಿನ ದೀಪ ಆರಿಸಿದರು. ಚಿಮಟ, ಕತ್ತರಿ, ಉಕ್ಕಿನ ಕಡ್ಡಿಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಜಾಯ್ನಾಕ್ ಅದನ್ನು ನೋಡುತ್ತ ನಿಂತಿದ್ದ.

ಅಮ್ಮ ಕೋಲು ಹಿಡಿದುಕೊಂಡೇ ದಾರಿ ದಾಟಿದಳು. "ಏ ಜಾಯ್ನಾಕ್. ಇಷ್ಟು ವರ್ಷದಲ್ಲಿ ಈ ಅಂಗಡಿಯಿಂದ ಒಂದು ಸುಟ್ಟ ದಮ್ಮು ಎಳೆದಿದ್ದೀಯಾ?"

ಅವನು ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ, ಹಣೆ ಗಂಟಿಕ್ಕಿ. "ಇಲ್ಲ."

"ತುಟಿ ಸುಟ್ಕೊಂಡಿದ್ದೀಯಾ?"

"ಅದು ನದಿ ಆಚೆಯವನ ಹತ್ರ ಮಾಡಿಸ್ದಾಗ. ಇಲ್ಲಿ ಇಲ್ಲ."

"ಮತ್ತೇನು ನಿಂದು?"

"ನಂದೇನು ಅಂದ್ರೆ, ಹೇಗೆ ಅಂತ ಹೇಳ್ಲಿ! ಮೂಗಿಲ್ದೆ ಹೇಗೆ ಮಾಡಿದ್ರು?"

"ಕೇಳಿಸ್ಕೊಂಡು," ಎಂದರು ಸಾತಿಬಾಲ್ದಿ, ಗಂಟು ಕಟ್ಟುತ್ತಲೇ. ಕಿವಿ ಮುಟ್ಟಿ ತೋರಿಸಿದರು.

ಜಾಯ್ನಾಕನಂಥವರಿಗೆ ನೋವಾದರೂ ಅದು ಒಂದು ಪಂದ್ಯವಾಗಬೇಕು. ಅವನು ಗಂಟನ್ನು ಬಿಚ್ಚಿಸಿದ, ಅಂಗಡಿಯ ಎರಡು ಖಾಲಿ ತಲೆಗಳನ್ನು ತೆಗೆಸಿದ, ಸಾತಿಬಾಲ್ದಿಯನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದ. ಒಂದಕ್ಕೆ ಹತ್ತಿಯನ್ನು ಬೆರಳು ನೋಯುವಷ್ಟು ಗಿಡಿದ, ಇನ್ನೊಂದಕ್ಕೆ ಬರಿಯ ಎರಡು ಎಳೆ ತೂರಿಸಿದ. ಬೈಯುತ್ತ, ತಂತಿ ಚುಚ್ಚಿಸಿಕೊಳ್ಳುತ್ತ. ಮೂರನೆಯದು ಅವನದೇ, ಜೀರಿಗೆಯದು. ಸಾಲಿನ ಜನ ಕೆಲಸ ಬಿಟ್ಟು ಸೇರಿದರು. ಮೊದಲನೆಯದನ್ನು ಕಿವಿಗೆ ಹಿಡಿದಾಗ ಅವರು ಮುಖ ಕಿವುಚಿದರು. "ಅಯ್ಯೋ, ಇದಕ್ಕೆ ಉಸಿರು ಕಟ್ತಿದೆ, ಹತ್ತಿ ಜಾಸ್ತಿ." ಎರಡನೆಯದಕ್ಕೆ, "ಇದು ಉಗೀತಿದೆ, ಕಮ್ಮಿ." ಹಿಂದೆ ನಿಂತವರು ಹೋ ಎಂದರು. ಜಾಯ್ನಾಕ್ ಎಲ್ಲರನ್ನೂ ಸುಮ್ಮನಿರಿಸಿ ಮೂರನೆಯದನ್ನು ಹಿಡಿದ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಮುಖ ಮೆಲ್ಲಗೆ ಸಡಿಲವಾಯಿತು.

"ಇದು ತುಂಬಾ ಚೆನ್ನಾಗಿದೆ," ಎಂದರು. "ಇದರಲ್ಲಿ ಒಂದು ದೋಷ ಇಲ್ಲ. ಇದು ಯಾರದು?"

ಆ ದಿನದ ನಗುವನ್ನು ನಾನು ಹೇಗೆ ಬರೆಯಲಿ? ಕ್ಯಾಸೆಟ್ ಅಂಗಡಿಯವನು ನೆಲದ ಮೇಲೆ ಕೂತುಬಿಟ್ಟ. ಜಾಯ್ನಾಕ್ ಕಣ್ಣೊರೆಸಿಕೊಳ್ಳುತ್ತ, "ನಂದು ಬಾಯ್ಕೆ, ಪಲೋವ್ ಕಡಾಯಿ!" ಎಂದ. ಸಾತಿಬಾಲ್ದಿ ತಿರುಗಿ ನೋಡಿದರು. ಒಂದು ಗಳಿಗೆ ಅವರ ಮುಖ ಯಾವ ಕಡೆ ಬೀಳುತ್ತದೋ ತಿಳಿಯದ ಹಾಗಿತ್ತು. ಆಮೇಲೆ ಅವರೂ ನಕ್ಕರು, ಮೊದಲು ಭುಜದಿಂದ, ಆಮೇಲೆ ದನಿಯಿಂದ.

ನಗು ಕೇಳಿ ಹೋಸಿಯಾತ್ ಓಪಾ ಸಾಲಿನ ಕೊನೆಯಿಂದ ಬಂದಳು. ಗೋಡೆಯ ಚೀಲವನ್ನು ಕಂಡವಳೇ ಬಿಚ್ಚಿ ಒಳಗೆ ಮೂಗಿಟ್ಟಳು. "ಸಾತಿಬಾಲ್ದಿ! ಮೊಳೆ ತುಂಬಿಡೋಕೆ ಅಂತ ಚೀಲ ಕೇಳ್ದೆ ಅಂದ್ಕೊಂಡಿದ್ದೆ ನಾನು. ಇದರಲ್ಲಿ ಹತ್ತಿ ಇಡ್ತಾರಾ ಯಾರಾದ್ರೂ? ಇದು ಬೆಟ್ಟದ ಜೀರಿಗೆ ಇದ್ದ ಚೀಲ, ಹತ್ತು ಸಲ ಒಗೆದ್ರೂ ಹೋಗಲ್ಲ!"

"ನನಗೇನು ಗೊತ್ತು ಓಪಾ? ಬೆಳ್ಳಗಿತ್ತು."

"ಬೆಳ್ಳಗಿತ್ತಂತೆ! ಕೇಳ್ಬೇಕಿತ್ತು. ಬಾಯಿ ಇತ್ತಲ್ಲ? ಮೂಗು ಹೋದ್ರೆ ಬಾಯೂ ಹೋಗುತ್ತಾ?"

ಬೈಗುಳದ ಹಾಗೆ ಬಂದ ಆ ಮಾತಿಗೆ ಅವರು ತಲೆ ತಗ್ಗಿಸಿದರು. ಇಷ್ಟು ವರ್ಷ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಸಾಕಿತ್ತು ಎಂಬುದು ಅವರಿಗೆ ಆಗ ಹೊಳೆದಿರಬೇಕು. ಅಮ್ಮ ಮೊಳೆಯಿಂದ ಮೇಲಂಗಿ ತೆಗೆದು ಅವರ ಕೈಗೆ ಕೊಟ್ಟಳು. ಅವರು ಹಾಕಿಕೊಂಡರು. ಗುಂಡಿಗಳನ್ನು ಮಾತ್ರ ಆ ದಿನ ತಪ್ಪಾಗಿ ಹಾಕಿಕೊಂಡಿದ್ದರು.

ಈಗ ಪ್ರತಿ ಬೆಳಿಗ್ಗೆ ಅವರು ತಮ್ಮ ತುಂಬಿದ ಬಟ್ಟಲಿನ ನಡಿಗೆಯಲ್ಲಿ ಸಾಲಿನ ಕೊನೆಯವರೆಗೆ ಹೋಗಿ, ಅಂದಿನ ಹತ್ತಿಯನ್ನು ಹೋಸಿಯಾತ್ ಓಪಾಳ ಮೂಗಿನ ಕೆಳಗೆ ಹಿಡಿಯುತ್ತಾರೆ. ಅವಳು ಮಸಾಲೆ ಅಳೆಯುತ್ತಲೇ ಮೂಸಿ, "ಹೂಂ, ಹೋಗು" ಎನ್ನುತ್ತಾಳೆ. ಒಮ್ಮೊಮ್ಮೆ "ನಿನ್ನ ಹೆಂಡ್ತಿ ಹೊಸ ಸೋಪು ತಂದಿದ್ದಾಳೆ, ಮತ್ತೆ ಕುದಿಸು" ಎನ್ನುತ್ತಾಳೆ. ಮೊದಲ ದಮ್ಮು ಈಗ ಗಿರಾಕಿಯದು. ಆದರೆ ಚಹಾದ ಮೊದಲ ಬಟ್ಟಲನ್ನು ಅವರು ಬಿಟ್ಟುಕೊಟ್ಟಿಲ್ಲ, ಕೆಟಲಿಗೆ ಮೂರು ಸಲ ಹಿಂದಿರುಗಿಸಿ, ತಾವು ಕುಡಿದು, ಎದುರಿಗಿದ್ದವರನ್ನು ಕೇಳುತ್ತಾರೆ: "ಹೇಗಿದೆ ಚಹಾ, ಹೇಳು." ಬರಿಯ ಚೆನ್ನಾಗಿದೆ ಎಂದರೆ ಒಪ್ಪುವುದಿಲ್ಲ. ನನ್ನನ್ನೂ ಕೇಳುತ್ತಾರೆ: "ಬಾಲಾಮ್, ಹೊಸ ಖರಬೂಜದ ರಸ ಬಂದಿದೆ. ಮೂಸಿ ಹೇಳು, ಯಾವ ಖರಬೂಜ? ಬಳ್ಳಿಯಿಂದ ಈಗ ಕಿತ್ತದ್ದೋ, ಮಂಚದ ಕೆಳಗೆ ಹಣ್ಣಾದದ್ದೋ?" ಬಾಲ ಎಂದರೆ ಮಗು, ಬಾಲಾಮ್ ನನ್ನ ಮಗು. ನಾನು ಬಾಟಲಿಯನ್ನು ಮೂಸಿ, ಬಹಳ ಹೊತ್ತು ಯೋಚಿಸಿ, ಸರಿಯಾದ ಮಾತು ಸಿಕ್ಕ ಮೇಲೆ ಹೇಳುತ್ತೇನೆ. ಅವರು ಕಾಯುತ್ತಾರೆ.

ಜಾಯ್ನಾಕ್ ಒಂದು ತಿಂಗಳ ನಂತರ ಗುಟ್ಟಾಗಿ ಬಂದು, ಬಿಷ್ಕೆಕಿಗೆ ದೂರದ ಓಟ ಇದೆ, ಕಣಿವೆಯಲ್ಲಿ ನಿದ್ದೆ ಬರುತ್ತದೆ, ಆ ಜೀರಿಗೆ ಬತ್ತಿ ಒಂದು ಸಿಗಬಹುದೇ ಎಂದು ಕೇಳಿದ. "ನಿನ್ನ ಬಾಯಿ ಹಾಳಾಗಿದೆ ಕಣೋ" ಎಂದರು ಸಾತಿಬಾಲ್ದಿ. ಹಾಕಿಕೊಡಲಿಲ್ಲ.

ಇನ್ನೊಬ್ಬರ ಬಾಯಿಗೆ ಹೋಗುವುದನ್ನು ಮಾಡಿಕೊಡುವವರದೇ ಒಂದು ಕುಲವಿದೆ. ರೊಟ್ಟಿ ಬಡಿಯುವವರು, ಚಹಾ ಬಗ್ಗಿಸುವವರು, ಬತ್ತಿ ಹೊಸೆಯುವವರು. ಅವರು ಯಾವ ಮಾತನ್ನೂ ಕೊಡುವುದಿಲ್ಲ, ಮೊದಲ ತುತ್ತನ್ನು ತಾವು ತಿಂದು ತೋರಿಸುತ್ತಾರೆ ಅಷ್ಟೆ. ಆದ್ದರಿಂದ ತಮ್ಮಲ್ಲಿ ಏನಾದರೂ ಊನವಾದರೆ ಕೊಟ್ಟ ಭರವಸೆಯೇ ಮುರಿಯಿತೆಂದು ಹೆದರಿ ಅದನ್ನು ಮೇಲಂಗಿಯ ಕೆಳಗೆ ಮುಚ್ಚಿಕೊಳ್ಳುತ್ತಾರೆ, ಅದೇ ಕತ್ತಲಲ್ಲಿ ಕೂತು ಬೇರೊಂದು ದಾರಿಯನ್ನೂ ಹುಡುಕಿಕೊಳ್ಳುತ್ತಾರೆ. ನಾವು ಅವರ ನಾಲಿಗೆಯನ್ನಲ್ಲ, ಅವರ ಜೋಪಾನವನ್ನು ನಂಬಿದ್ದೆವು ಎಂಬುದು ಅವರಿಗೆ ಕೊನೆಯಲ್ಲಿ ತಿಳಿಯುತ್ತದೆ, ನಮಗೂ ಆಗಲೇ ತಿಳಿಯುತ್ತದೆ. ಇಂಥವರಿಗೆ ನಾವು ಮಾಡಬಹುದಾದದ್ದು ಹೆಚ್ಚೇನಿಲ್ಲ. ಸಾತಿಬಾಲ್ದಿ ಈಗ ಮೇಜಿನ ಕೆಳಗೆ ಬಗ್ಗುವುದಿಲ್ಲ. ಎಲ್ಲರ ಎದುರು, ಬೆಳಕಿನಲ್ಲಿ, ಹೊಸ ಬತ್ತಿಯನ್ನು ಕಿವಿಗೆ ಹಿಡಿಯುತ್ತಾರೆ. ಆಗ ಕ್ಯಾಸೆಟ್ ಅಂಗಡಿಯವನು ಹಾಡು ತಗ್ಗಿಸುತ್ತಾನೆ, ತಳ್ಳುಗಾಡಿಯವನು ಕೂಗನ್ನು ಗಂಟಲಲ್ಲೇ ಹಿಡಿಯುತ್ತಾನೆ, ಅಮ್ಮ ಎರಡೂ ಕೋಲುಗಳನ್ನು ಹತ್ತಿಯ ಮೇಲೆ ಅಡ್ಡ ಇಡುತ್ತಾಳೆ, ಮತ್ತು ನಮ್ಮ ಸಾಲಿನಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಎಲ್ಲರಿಗೂ ಕೇಳುತ್ತದೆ.